ಚಿಮಣಿಯ ಸೋಡಾ
ಒಂದೇ ಒಂದು ಗುಳ್ಳೆ, ಉಳಿದವೆಲ್ಲ ಮೇಲಕ್ಕೆ ಓಡಿ ಒಡೆದುಹೋದವು, ಇದೊಂದು ಮಾತ್ರ ರಾದಿಸಾವ್‌ನ ಗ್ಲಾಸಿನ ಗೋಡೆಗೆ ಅಂಟಿಕೊಂಡು ಕೂತಿದೆ, ಅದೂ ಏಳುವುದಿಲ್ಲ, ಅವನೂ ಗ್ಲಾಸು ಎತ್ತುವುದಿಲ್ಲ, ತಟ್ಟೆಯ ಸಾರ್ಮಾದ ಎಲೆಕೋಸಿನ ಸುರುಳಿ ಬಿಚ್ಚಿ ಒಳಗೇನಿದೆ ಅಂತ ಇಣುಕುತ್ತಾನೆ — ನಮ್ಮ ಮದುವೆಗೆ ಸಾಕ್ಷಿ ನಿಂತ ಕೂಮ, ಊರಿಗೆಲ್ಲ ಸೋಡಾ ತುಂಬಿಕೊಡುವವನು, ಇವತ್ತು ಇವನು ಹೂಂ ಅಂದರೆ ಹೊಗೆಯಿಂದ ಅನಿಲ ಹಿಡಿಯುವ ನಮ್ಮ ಘಟಕ ಉಳಿಯುತ್ತದೆ, ಅನಿಲ ಕೊಳ್ಳುವವರಿಲ್ಲದಿದ್ದರೆ ನಾಳೆ ಬೀಗ, ಬೆಲ್‌ಗ್ರೇಡಿನ ಸಾಹೇಬರು ಹೇಳಿ ಹೋಗಿದ್ದಾರೆ, ನಾನು ಮತ್ತೆ ಕಲ್ಲಿದ್ದಲ ಬೂದಿ ಸಾಗಿಸುವ ಬೆಲ್ಟಿನ ಕೆಳಗೆ, ಆ ಕೆಮ್ಮು, ದಿಂಬಿನ ಮೇಲೆ ಆ ಕಪ್ಪು ಕಲೆ — ದೆಸಾಂಕಾ ಎದ್ದು ಕಿಟಕಿ ಮುಚ್ಚುತ್ತಾಳೆ, ಗಾಳಿ ಹೊಡೆದ್ರೆ ಕೂಮನ ಕುತ್ತಿಗೆ ಹಿಡ್ಕೊಳ್ಳತ್ತೆ ಅನ್ನುತ್ತಾಳೆ, ಕಿಟಕಿಯಾಚೆ ವಿದ್ಯುತ್ ಸ್ಥಾವರದ ಚಿಮಣಿ, ಅದರ ಕಾಲ ಬಳಿ ನಮ್ಮ ಎರಡು ಗೋಪುರ, ಒಂದರಲ್ಲಿ ಮೀನಿನ ಹಾಗೆ ನಾರುವ ದ್ರಾವಣ ಹೊಗೆಯಿಂದ ಇಂಗಾಲದ ಅನಿಲ ಹಿಡಿದುಕೊಳ್ಳುತ್ತದೆ, ಇನ್ನೊಂದರಲ್ಲಿ ಕಾಸಿದರೆ ಬಿಟ್ಟುಬಿಡುತ್ತದೆ, ಸೋಸಿ, ಪರೀಕ್ಷೆ ಮಾಡಿ, ಸಿಲಿಂಡರಿಗೆ, ಹಿಡಿಯುವುದು ಸುಲಭ, ಬಿಡಿಸುವುದಕ್ಕೇ ಬೆಂಕಿ ಬೇಕು — ಸ್ವಲ್ಪ ಮೊದಲು ಎಷ್ಟು ಸಲೀಸಾಗಿ ನಡೆದಿತ್ತು, ರಾದಿಸಾವ್ ಮೊದಲ ಗ್ಲಾಸು ಗಟಗಟ ಕುಡಿದ, ವೈನಿಗೆ ಸೋಡಾ ಅಂದ್ರೆ ಇದು ಕಣೋ ಮಿಲಿಸಾವ್, ಮೂಗಿಗೇ ಹೊಡೀತು, ಎಲ್ಲಿಂದ ತಂದೆ ಅಂದ, ಕೂಮನಿಗೆ ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ ಅನ್ನುತ್ತಿದ್ದಳು ಅಮ್ಮ, ನಿಜವನ್ನೇ ಹೇಳಿದೆ, ನಮ್ಮ ಚಿಮಣಿಯಿಂದ, ಅವನು ಮೇಜು ಕುಟ್ಟಿ ನಕ್ಕ, ಲೇ ಸುಳ್ಳಪ್ಪ, ಕಾಲುವೆ ಮೀನಿಗಿಂತ ಇದೇ ಚೆನ್ನಾಗಿದೆ ಬಿಡು — ಸ್ಥಾವರದ ಬಿಸಿನೀರಿನ ಕಾಲುವೆಯಲ್ಲಿ ಹಂದಿ ಗಾತ್ರದ ಮೀನಿದೆ, ಬಸ್ ಕಂಡಕ್ಟರನ ಟೋಪಿ ಹಾಕಿಕೊಂಡು ಓಡಾಡುತ್ತದೆ ಅಂತ ನಾನು ಒಮ್ಮೆ ಬುರುಡೆ ಬಿಟ್ಟಾಗ ಇದೇ ಮನುಷ್ಯ ಭಾನುವಾರವೆಲ್ಲ ಗಾಳ ಹಿಡಿದು ಕೂತಿದ್ದ, ಅದನ್ನು ನಂಬಿದ, ಇದನ್ನು ನಂಬಲಿಲ್ಲ, ಎಲ್ಲಿಂದಾನಾ ತಾ, ಇಂಥ ಗ್ಯಾಸಾದ್ರೆ ವರ್ಷವಿಡೀ ನಾನೇ ತಗೋತೀನಿ ಅಂತ ಕೈಯನ್ನೂ ಚಾಚಿದ್ದ, ನಾನೂ ನಕ್ಕು ಆ ಕೈ ಹಿಡಿದುಬಿಟ್ಟಿದ್ದರೆ — ಅಷ್ಟರಲ್ಲಿ ದೆಸಾಂಕಾ, ಹುಟ್ಟಿದಾಗಿನಿಂದ ಸುಳ್ಳೇ ಗೊತ್ತಿಲ್ಲದ ಹೆಂಗಸು, ಬ್ರೆಡ್ ಕೊಯ್ಯುತ್ತಾ, ಸುಳ್ಳಲ್ಲ ಕೂಮ, ಚಿಮಣಿದೇ, ಸಿಲಿಂಡರ್ ಇಳಿಸ್ಕೊಂಡಿದ್ದೇ ನಾನು, ಚಾಕು ನಿಲ್ಲಲಿಲ್ಲ, ನಿಂತದ್ದು ಅವನ ಕೈ, ಎರಡನೇ ಗ್ಲಾಸಿನ ಪಕ್ಕದಲ್ಲಿ, ಗುಳ್ಳೆಯ ಪಕ್ಕದಲ್ಲಿ — ಹೊಗೆ ಕುಡಿಸಿದ್ಯೇನೋ ನಂಗೆ ಅಂದ, ಈಗ ನೀನು ತರಿಸೋ ಗ್ಯಾಸು ಗೊಬ್ಬರದ ಕಾರ್ಖಾನೆದಲ್ವಾ ಕೂಮ ಅಂದೆ, ಗೊಬ್ಬರ ಬೇರೆ ಹೊಗೆ ಬೇರೆ ಕಣೋ, ಈ ಚಿಮಣಿಯ ಕೆಳಗೇ ಹುಟ್ಟಿ ಜೀವಮಾನವಿಡೀ ಮೂಗಿನಲ್ಲಿ ಎಳೆದದ್ದನ್ನು ಒಮ್ಮೆ ತೊಳೆದು ಗ್ಲಾಸಿನಲ್ಲಿ ಕೊಟ್ಟರೆ ವಿಷ ಕುಡಿದವನಂತೆ ಹೊಟ್ಟೆ ಹಿಡಿದುಕೊಳ್ಳುತ್ತಾನೆ, ನಾನು ಕುಡಿದು ತೋರಿಸಿದೆ, ಬೀಳುತ್ತೇನೇನೋ ಅಂತ ನೋಡಿದ, ನಾನು ಬಿದ್ದರೂ ನಾಟಕ ಅನ್ನುವವನು — ದೆಸಾಂಕಾ ಕೈ ಒರೆಸಿಕೊಳ್ಳುತ್ತಾಳೆ, ತನ್ನ ಗ್ಲಾಸು ಬರಿದು ಮಾಡುತ್ತಾಳೆ, ತೇಗುತ್ತಾಳೆ, ಕುಡಿ ಕೂಮ, ಬೂದಿಗೆ ಹೋದ್ರೆ ಇವ್ನು ಈ ಚಳಿಗಾಲ ದಾಟಲ್ಲ, ಉಪ್ಪು ಕೊಡು ಅನ್ನುವ ದನಿಯಲ್ಲೇ — ಏನಂದಳು, ನನಗೆ ಹೇಳಿರಲಿಲ್ಲ, ದಿಂಬಿನ ಚೀಲ ಒಗೆಯುವವಳು ಅವಳು, ಇವಳಿಗೆ ಸುಳ್ಳು ಬರುವುದಿಲ್ಲ, ಒಂದು ಸಣ್ಣ ಸುಳ್ಳನ್ನಾದರೂ ಕಲಿಸಿಕೊಡಬೇಕಿತ್ತು ಇಷ್ಟು ವರ್ಷದಲ್ಲಿ, ರಾದಿಸಾವ್ ನನ್ನ ಮುಖ ನೋಡುತ್ತಾನೆ, ನಗುವುದಿಲ್ಲ, ಗ್ಲಾಸು ಎತ್ತಿದ, ಬಾಯಿಗೆ ಸುರಿದುಕೊಂಡ, ಕೆಳಗಿಟ್ಟ, ಕೆನ್ನೆ ಎರಡೂ ಉಬ್ಬಿವೆ, ಉಗುಳುವುದಿಲ್ಲ, ನುಂಗು ಕೂಮ, ನುಂಗುವುದಿಲ್ಲ, ಅರ್ಧ ಗ್ಲಾಸಿನಲ್ಲಿ ಆ ಗುಳ್ಳೆ, ಅಂಟಿಕೊಂಡೇ ಇದೆ, ಆ ಗುಳ್ಳೆ