ಸಾಹೇಬರು ನಡೆದ ದಾರಿ

ಕೆಲಸಕ್ಕೆ ಕರೆದೊಯ್ಯುವ ಬಸ್ಸು ಬರುವುದು ನಿಂತ ಮೇಲೆ ಗಿರಗಿಟ್ಲೆಯ ಚಪ್ಪಲಿ ಸವೆದು ಕಾಗದದಂತಾಗಿತ್ತು. ಕಲ್ಲು ತುಳಿದರೆ ಅದರ ಮೂಗು ಮುಖ ಎಲ್ಲಾ ಅಂಗಾಲಿಗೆ ಗೊತ್ತಾಗುತ್ತಿತ್ತು. ಮಬ್ಬುಗತ್ತಲಲ್ಲೇ ಮನೆ ಬಿಡಬೇಕು. ಹೆದ್ದಾರಿಗೆ ಬಿದ್ದರೆ ಎಡಕ್ಕೆ ಚರಂಡಿ, ಬಲಕ್ಕೆ ಲಾರಿ, ಮಧ್ಯೆ ಒಬ್ಬರು ನಡೆಯುವಷ್ಟು ಜಾಗ. ಲಾರಿ ಬಂದಾಗ ಅದೂ ಇಲ್ಲ. ಹಿಂದಿನ ವಾರ ಒಂದು ವ್ಯಾನಿನ ಕನ್ನಡಿ ಅವಳ ಭುಜಕ್ಕೆ ಬಡಿದು ಹೋಗಿತ್ತು. ಡ್ರೈವರ್ ತಲೆ ಹೊರಗೆ ಹಾಕಿ, "ಕಣ್ಣು ಕಾಣಲ್ವಾ?" ಅಂತ ಇವಳನ್ನೇ ಬೈದಿದ್ದ.

ಗಿರಗಿಟ್ಲೆ ಅನ್ನೋದು ಜೊತೆಯವರು ಇಟ್ಟ ಹೆಸರು. ಎಂಟಂತಸ್ತಿನ ಆ ದೊಡ್ಡ ಕಚೇರಿಯಲ್ಲಿ ಅವಳು ನೆಲ ಒರೆಸಲು ನಿಂತರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗಿರ್ರನೆ ತಿರುಗಿಬಿಡುತ್ತಿದ್ದಳು. ಬಾಯಿಯೂ ಅಷ್ಟೇ, ನಿಂತಿದ್ದೇ ಇಲ್ಲ.

ಕಸ ಗುಡಿಸುವ ಹೆಂಗಸರೆಲ್ಲ ಊರಾಚೆಯ ಒಂದೇ ಬಡಾವಣೆಯವರು. ಅವರನ್ನು ಕರೆತರಲು ಕಚೇರಿಯದೇ ಒಂದು ಹಳೇ ಬಸ್ಸಿತ್ತು. ಕೆಮ್ಮುತ್ತಾ ಬರುತ್ತಿತ್ತು, ಆದರೆ ಬರುತ್ತಿತ್ತು. ಅದರಲ್ಲಿ ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಅತ್ತೆಯನ್ನು ಬೈದುಕೊಳ್ಳುತ್ತಿದ್ದಳು, ಉಳಿದವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

ಒಂದು ದಿನ ಮೇಸ್ತ್ರಿ ಬಂದು ಹೇಳಿದ: "ನಾಳೆಯಿಂದ ಬಸ್ಸಿಲ್ಲ. ಹೊಗೆ ಬಿಡುತ್ತೆ, ಊರಿನ ಗಾಳಿ ಕೆಡುತ್ತೆ. ಹಸಿರು ಸಂಚಾರ ಅಂತ ಯೋಜನೆ ಬಂದಿದೆ. ಇನ್ನು ಎಲ್ಲರೂ ನಡೆದೇ ಬರಬೇಕು, ಇಲ್ಲಾ ಸೈಕಲ್ಲು."

"ಎಲ್ಲರೂ ಅಂದ್ರೆ? ಸಾಹೇಬ್ರೂನೂ?" ಗಿರಗಿಟ್ಲೆ ಕೇಳಿದಳು.

"ಅವರಿಗೆ ಹೊಗೆ ಬಿಡದ ಕಾರು ಬರುತ್ತಮ್ಮಾ. ಕರೆಂಟಿನ ಕಾರು."

"ಓಹೋ! ನಮಗೆ ಕಾಲು, ಅವರಿಗೆ ಕಾರು. ಒಂದು ಅಕ್ಷರದ್ದೇ ವ್ಯತ್ಯಾಸ ಬಿಡಿ."

ಹೆಂಗಸರು ಬಿದ್ದೂ ಬಿದ್ದೂ ನಕ್ಕರು. ನಗು ಆ ದಿನಕ್ಕೆ ಸರಿಹೋಯಿತು. ಮಾರನೇ ದಿನದಿಂದ ನಡಿಗೆ. ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಕಾರಿಗೆ ಕರೆಂಟು ತುಂಬುವ ಕಂಬಗಳು ಎದ್ದವು. ನಡೆದು ಬರುವವರು ತಡವಾದರೆ ಗೇಟಿನಿಂದಲೇ ವಾಪಸ್ಸು, ಆ ದಿನದ ಕೂಲಿ ಖೋತಾ. ಆ ಒಂದು ನಿಯಮ ಮಾತ್ರ ಬಸ್ಸಿನ ಜೊತೆ ಹೋಗಲಿಲ್ಲ.

ಎಲ್ಲರಿಗಿಂತ ಕಷ್ಟ ದೊಡ್ಡಮ್ಮನಿಗೆ. ಗುಂಪಿನಲ್ಲಿ ಹಿರಿಯಳು, ಮಂಡಿ ಎರಡೂ ಊದಿಕೊಂಡವಳು. "ನೀವು ಮುಂದೆ ಹೋಗ್ರೇ, ನನ್ನ ದೆಸೆಯಿಂದ ನಿಮ್ಮ ಕೂಲಿ ಯಾಕೆ ಹಾಳು?" ಅನ್ನುವಳು. ಗಿರಗಿಟ್ಲೆ ಅವಳ ತೋಳು ಹಿಡಿದು ಎಳೆದುಕೊಂಡು ಹೋಗುವಳು. ಮನೆಗೆ ಬಂದರೆ ಗಿರಗಿಟ್ಲೆಯ ಗಂಡ ಕಾಲು ಒತ್ತುತ್ತಿದ್ದ. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು.

"ಮೆಲ್ಲಗೆ ಮಾರಾಯ, ಇದು ಕಾಲು. ನಿನ್ನ ಬ್ರೆಡ್ಡಲ್ಲ."

"ಊದಿರೋದು ನೋಡಿದ್ರೆ ಒಲೆಗಿಡೋ ಹದಕ್ಕೆ ಬಂದಿದೆಯಲ್ಲೇ," ಅಂದು ಅವನೂ ನಕ್ಕ. ನಕ್ಕವನ ಕಣ್ಣು ಅವಳ ಅಂಗಾಲಿನ ಬೊಬ್ಬೆ ಕಂಡು ತಗ್ಗಿತು.

ಹೀಗಿರುವಾಗ ಮೇಸ್ತ್ರಿ ಹಲ್ಲು ಬಿಡುತ್ತಾ ಬಂದ. "ನಾಳೆ ದೊಡ್ಡ ಸಾಹೇಬ್ರು ನಿಮ್ಮ ಜೊತೆ ನಡೀತಾರೆ! ಟೀವಿಯವರು ಬರ್ತಾರೆ. ಎಲ್ಲರೂ ಒಗೆದ ಬಟ್ಟೆ ಹಾಕ್ಕೊಂಡು, ನಗ್ತಾ ನಗ್ತಾ ಬನ್ನಿ."

"ಎಷ್ಟು ದೂರ ನಡೀತಾರೆ?"

"ಸೇತುವೆ ತನಕ. ಅಲ್ಲಿ ಕಾರು ನಿಂತಿರುತ್ತೆ. ನೀವು ಕೈ ಬೀಸಿ ಕಳಿಸಿಕೊಡಿ, ಸಾಕು."

ಸೇತುವೆ ಇದ್ದದ್ದು ಬಡಾವಣೆಯ ಬಾಯಲ್ಲೇ. ಕೂಗಿದರೆ ಕೇಳುವಷ್ಟು ಹತ್ತಿರ. ಗಿರಗಿಟ್ಲೆ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಅದನ್ನು ಕಂಡು ದೊಡ್ಡಮ್ಮ, "ಏನೇ, ಏನೋ ಹುಳ ಬಿಟ್ಕೊಂಡಿದೀಯ ತಲೇಲಿ," ಅಂದಳು. ಗಿರಗಿಟ್ಲೆ ಅವಳ ಕಿವಿಯಲ್ಲಿ ಏನೋ ಉಸುರಿದಳು. ಅದು ಕಿವಿಯಿಂದ ಕಿವಿಗೆ ದಾಟಿತು.

ಮರುದಿನ ಸಾಹೇಬರು ಬಿಳೀ ಬೂಟು ಹಾಕಿಕೊಂಡು ಬಂದರು. ಒಳ್ಳೇ ಮೈಕಟ್ಟು, ಒಳ್ಳೇ ನಗು. ಕ್ಯಾಮೆರಾದವನು ಅವರ ಎದುರಿಗೆ ಹಿಮ್ಮುಖವಾಗಿ ನಡೆದ, ಸಾಹೇಬರು ಮುಂದೆ ನಡೆದರು. ಸೇತುವೆ ಬಂತು. ಕಾರಿನ ಬಾಗಿಲು ತೆರೆದೇ ಇತ್ತು.

"ಬರ್ತೀನಮ್ಮಾ, ತುಂಬಾ ಸಂತೋಷವಾಯ್ತು," ಅಂದರು ಸಾಹೇಬರು.

"ಅಯ್ಯೋ, ಎಲ್ಲಿಗೆ ಸ್ವಾಮಿ? ನಮ್ಮ ಜೊತೆ ಬಂದವರನ್ನ ನಡುದಾರೀಲಿ ಬಿಟ್ಟುಹೋಗೋ ಪೈಕಿ ಅಲ್ಲ ನಾವು!" ಗಿರಗಿಟ್ಲೆ ಅವರ ಎಡಕ್ಕೆ ಬಂದಳು. ದೊಡ್ಡಮ್ಮ ಬಲಕ್ಕೆ ಬಂದು ತೋಳನ್ನೇ ಹಿಡಿದಳು. "ಮಂಡಿ ನೋವಪ್ಪಾ. ಮಗನ ಹಾಗೆ ಸ್ವಲ್ಪ ಆಸರೆ ಕೊಡು." ಹಿಂದೆ ಉಳಿದವರು ಒತ್ತಾಗಿ ನಿಂತರು.

ಕ್ಯಾಮೆರಾದವನಿಗೆ ಹಬ್ಬವೋ ಹಬ್ಬ. ತಾಯಿಯಂಥ ಮುದುಕಿಯ ಕೈ ಕೊಡವಿ ಕಾರು ಹತ್ತುವುದು ಹೇಗೆ? ಸಾಹೇಬರು ನಗುತ್ತಲೇ ಹೆಜ್ಜೆ ಹಾಕಿದರು.

ಹೆದ್ದಾರಿ ಬಂತು. ಮೊದಲ ಲಾರಿಗೆ ಸಾಹೇಬರ ನಗು ಹಾರಿತು. ಎರಡನೆಯದಕ್ಕೆ ಚರಂಡಿಯ ಅಂಚಿಗೆ ಹಾರಿದರು. ಮೂರನೆಯದು ಕೆಸರೆರಚಿತು. ಬಿಳೀ ಬೂಟು ಎಮ್ಮೆಯ ಗೊರಸಿನ ಬಣ್ಣಕ್ಕೆ ತಿರುಗಿತು. ಮೇಸ್ತ್ರಿ ಕಾರಿನ ಕಿಟಕಿಯಿಂದ ಕೂಗುತ್ತಿದ್ದ, ಆದರೆ ಕಾರು ನಿಲ್ಲಿಸಲು ಅಲ್ಲಿ ಜಾಗವೆಲ್ಲಿ? ಹಿಂದಿನ ವಾಹನಗಳ ಹಾರನ್ ಸದ್ದು ಅದನ್ನು ಮುಂದಕ್ಕೆ ದಬ್ಬಿಕೊಂಡು ಹೋಯಿತು.

"ಇಲ್ಲಿ... ಇಲ್ಲಿ ದಿನಾ ನಡೀತೀರಾ?" ಸಾಹೇಬರು ಏದುಸಿರು ಬಿಡುತ್ತಾ ಕೇಳಿದರು.

"ಇವತ್ತು ವಾಸಿ ಸ್ವಾಮಿ. ಬೆಳಕಾದ ಮೇಲೆ ಹೊರಟಿದೀವಲ್ಲ."

ಕಚೇರಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಸಾಹೇಬರು ಕುಂಟುತ್ತಾ ಒಳಗೆ ಹೋದರು. ಕಾವಲಿನವನು ಸಲಾಮು ಹೊಡೆದ. ಮುಂದಿದ್ದ ಹೆಂಗಸು ಒಳಗೆ ಕಾಲಿಡುವಷ್ಟರಲ್ಲಿ ಕೋಲು ಅಡ್ಡ ಬಂತು.

"ತಡ ಆಯ್ತು. ವಾಪಸ್ ಹೋಗಿ."

"ಅಲ್ಲಯ್ಯಾ, ಈಗ ಹೋದರಲ್ಲ, ಅವರ ಜೊತೆಗೇ ಬಂದಿದ್ದು ನಾವು!"

"ನನಗೇನು ಹೇಳ್ತೀಯಕ್ಕ. ನಿಯಮ."

ಇಷ್ಟು ಹೊತ್ತು ನಕ್ಕಿದ್ದ ಗಿರಗಿಟ್ಲೆ ಅಡ್ಡ ಬಂದ ಕೋಲನ್ನೇ ನೋಡಿದಳು. ಸಾಹೇಬರನ್ನು ಆಟ ಆಡಿಸಿದೆವು ಅಂದುಕೊಂಡಿದ್ದಳು. ಕೊನೆಗೆ ಕೂಲಿ ಹೋದದ್ದು ಯಾರದು? ಭುಜದ ಹಳೇ ನೋವು ಚುಳ್ಳೆಂದಿತು.

ಅಷ್ಟರಲ್ಲಿ ದೊಡ್ಡಮ್ಮ ಗೇಟಿನ ನಟ್ಟನಡುವೆ ಧೊಪ್ಪನೆ ಕೂತಳು. "ವಾಪಸ್ ನಡೆಯೋಕೆ ನನ್ನ ಕೈಲಾಗಲ್ಲಪ್ಪ. ಬಸ್ಸು ತರಿಸು, ಏಳ್ತೀನಿ."

ಗಿರಗಿಟ್ಲೆ ಅವಳ ಪಕ್ಕ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಹೊರಗೆ ಕರೆಂಟಿನ ಕಾರುಗಳು ಸಾಲುಗಟ್ಟಿದವು. ಒಳಗೆ ಎಂಟಂತಸ್ತಿನ ಕಸ ಬಿದ್ದಲ್ಲೇ ಬಿದ್ದಿತ್ತು. ಮೇಸ್ತ್ರಿ ಬೈದ, ಗದರಿಸಿದ, ಕೊನೆಗೆ ಕೈ ಮುಗಿದ. ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತೇ ಇದ್ದರು.

ಮಧ್ಯಾಹ್ನ ಸಾಹೇಬರೇ ಇಳಿದು ಬಂದರು. ಕಾಲಿಗೆ ಬೂಟಿರಲಿಲ್ಲ, ಹಿಮ್ಮಡಿಗೆ ಪಟ್ಟಿ ಕಟ್ಟಿತ್ತು.

"ಆಯ್ತಮ್ಮಾ. ನಾಳೆಯಿಂದ ಬಸ್ಸು ಬರುತ್ತೆ. ಇವತ್ತಿನ ಕೂಲೀನೂ ಕೊಡಿಸ್ತೀನಿ. ಈಗ ಏಳಿ."

ದೊಡ್ಡಮ್ಮ ಗಿರಗಿಟ್ಲೆಯ ಮುಖ ನೋಡಿದಳು. ಎಲ್ಲರೂ ನೋಡಿದರು. ಗಿರಗಿಟ್ಲೆ ಮಂಡಿ ಮಡಚಿ, ಸೀರೆ ಸರಿಮಾಡಿಕೊಂಡು ಇನ್ನೂ ನೆಮ್ಮದಿಯಾಗಿ ಕೂತಳು.

"ಬರಲಿ ಸ್ವಾಮಿ, ಬಹಳ ಸಂತೋಷ. ಬಂದು ಇಲ್ಲೇ ಈ ಗೇಟಿನ ಮುಂದೆ ನಿಲ್ಲಲಿ. ನಾವು ಅದನ್ನ ಹತ್ತೋಕೇ ಏಳ್ತೀವಿ."