ಒಂದಕ್ಷರದ ತಪ್ಪು

ಶಿವಮೊಗ್ಗದ ದುರ್ಗಿಗುಡಿಯ ಪಿಯು ಕಾಲೇಜೊಂದರಲ್ಲಿ ವಾಣಿ ಹನ್ನೆರಡು ವರ್ಷದಿಂದ ಜೀವಶಾಸ್ತ್ರ ಹೇಳುತ್ತಿದ್ದಳು. ಪ್ರೋಟೀನು ಡಿಎನ್‌ಎಯನ್ನು ಹಿಡಿಯುವ ಪಾಠ ಬಂದಾಗ ಒಂದು ಹಗ್ಗ ಎತ್ತಿಕೊಂಡು, ಅದರ ಹುರಿಯ ಸಂದಿಯಲ್ಲಿ ಬೆರಳು ತೂರಿಸಿ ತೋರಿಸುವುದು ಅವಳ ಪದ್ಧತಿ. ಮೂವತ್ತೆಂಟನೇ ವಯಸ್ಸಿಗೆ ಅವಳ ಎದೆಯಲ್ಲಿ ಗಂಟು ಕಂಡಿತು. ಅಮ್ಮ ಅದೇ ಕಾಯಿಲೆಯಿಂದ ನಲವತ್ತು ತುಂಬುವ ಮೊದಲೇ ಹೋಗಿದ್ದಳು. ಅಣ್ಣ ತ್ರಿವಿಕ್ರಮ ತೊಡೆಯ ಗಡ್ಡೆಯಿಂದ ಹೋಗಿ ಎರಡು ವರ್ಷವಾಗಿತ್ತು. ಇದನ್ನೆಲ್ಲ ಕೇಳಿದ ಡಾಕ್ಟರು ಅವಳ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು.

ವರದಿ ಓದಲು ವಾಣಿಗೆ ಯಾರ ನೆರವೂ ಬೇಕಾಗಲಿಲ್ಲ. ಜೀವಕೋಶ ಕೆಟ್ಟಾಗ ಡಿಎನ್‌ಎಯನ್ನು ಹಿಡಿದು, ಕೋಶ ಒಡೆದು ಎರಡಾಗುವುದನ್ನು ತಡೆಯುವ ಜೀನುಗಳನ್ನು ಎಬ್ಬಿಸುವ ಪ್ರೋಟೀನೊಂದಿದೆ. ಅವಳಲ್ಲಿ ಆ ಪ್ರೋಟೀನಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಅದೂ ಡಿಎನ್‌ಎಯನ್ನು ಮುಟ್ಟುವ ಜಾಗದಲ್ಲೇ. ಹಿಡಿತ ಸಿಗುವುದಿಲ್ಲ, ಕೆಟ್ಟ ಕೋಶ ಬೆಳೆಯುತ್ತಲೇ ಹೋಗುತ್ತದೆ.

"ನಿಮ್ಮಣ್ಣನಿಗೂ ಇದೇ ಇದ್ದಿರಬೇಕು. ಅವರಿಗೆ ಮಕ್ಕಳಿದಾರಾ?" ಎಂದರು ಡಾಕ್ಟರು.

ಒಬ್ಬಳೇ ಮಗಳು, ಒಂಬತ್ತು ವರ್ಷದ ಶರಣ್ಯಾ.

ಭಾನುವಾರ ವಾಣಿ ಭದ್ರಾವತಿ ಬಸ್ಸು ಹತ್ತಿ ಜನ್ನಾಪುರದ ಅಣ್ಣನ ಮನೆಗೆ ಹೋದಳು. ಅತ್ತಿಗೆ ಸೀತಾಲಕ್ಷ್ಮಿ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಅವಳಿಗೆ ಬಂದಿರಬಹುದು, ಬರದೇನೂ ಇರಬಹುದು ಅತ್ತಿಗೆ. ಅರ್ಧಕ್ಕರ್ಧ. ಅವಳ ರಕ್ತಾನೂ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ."

"ಬಂದಿದ್ರೆ ಔಷಧಿ ಇದ್ಯಾ?"

"ಇಲ್ಲ. ಆಗಾಗ ಸ್ಕ್ಯಾನಿಂಗ್ ಮಾಡಿಸ್ತಾ ಕಾಯಬೇಕು. ಗಡ್ಡೆ ಸಣ್ಣದಿದ್ದಾಗಲೇ ಸಿಕ್ಕುತ್ತೆ."

"ನಿಮ್ಮಣ್ಣನ ಹಾಸಿಗೆ ಹತ್ರ ಹನ್ನೊಂದು ತಿಂಗಳು ಕಾದಿದೀನಿ ವಾಣಿ. ಇನ್ನು ಮಗಳ ಮೈಯನ್ನೂ ದಿನಾ ತಡವಿ ತಡವಿ ನೋಡ್ಲಾ? ಬೇಡ. ಅವಳು ಆಡ್ಕೊಂಡಿರ್ಲಿ."

ಅಷ್ಟರಲ್ಲಿ ಶರಣ್ಯಾ ಹೊರಗಿನಿಂದ ಓಡಿಬಂದು ಕೀಮೋದಿಂದ ಕೂದಲು ಉದುರಿದ್ದ ವಾಣಿಯ ತಲೆಗೆ ಕಟ್ಟಿದ್ದ ಬಟ್ಟೆಯನ್ನು ನೋಡಿದಳು. "ಅತ್ತೆ, ಕೂದಲು ಏನಾಯ್ತು?"

"ಸೆಖೆ ಅಂತ ತೆಗೆಸ್ದೆ ಪುಟ್ಟಿ."

ಹೊರಡುವಾಗ ವಾಣಿ ಬಾಗಿಲಲ್ಲಿ ನಿಂತು, "ಎಲ್ಲಾದ್ರೂ ನೋವು ಅಂದ್ರೆ ಎಣ್ಣೆ ತಿಕ್ಕಿ ಸುಮ್ನಿರಬೇಡಿ ಅತ್ತಿಗೆ," ಎಂದಳು. ಸೀತಾಲಕ್ಷ್ಮಿ ಮಗಳನ್ನು ಕರೆದುಕೊಂಡು ಒಳಗೆ ಹೋದಳು.

ಐದು ತಿಂಗಳ ಮೇಲೆ ಫೋನು ಬಂತು. ಮಗುವಿಗೆ ಎಡ ಮಂಡಿ ನೋವು, ನಡೆಯಲಾಗುತ್ತಿಲ್ಲ. ಶಿವಮೊಗ್ಗಕ್ಕೆ ಕರೆತಂದು ಎಕ್ಸ್‌ರೇ ತೆಗೆಸಿದರು. ಮಂಡಿಯ ಮೇಲೆ ಮೂಳೆಯನ್ನು ಗಡ್ಡೆ ತಿಂದಿತ್ತು. ಸ್ಕ್ಯಾನಿಂಗ್‌ನಲ್ಲಿ ಶ್ವಾಸಕೋಶದಲ್ಲೂ ಎರಡು ಚುಕ್ಕೆ ಕಂಡವು. ಕಾಲು ತೆಗೆಯದೆ ಬೇರೆ ದಾರಿಯಿಲ್ಲ ಎಂದರು.

ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಇಬ್ಬರೇ ಕೂತಿದ್ದರು.

"ನೋವು ಅಂತ ಎರಡು ತಿಂಗಳ ಹಿಂದೆನೇ ಅಂದಿದ್ಲು," ಎಂದಳು ಸೀತಾಲಕ್ಷ್ಮಿ, ನೆಲ ನೋಡುತ್ತಾ. "ಎಣ್ಣೆ ತಿಕ್ಕಿದೆ. ನೀನು ಹೇಳಿದ್ದು ಮರೆತಿರ್ಲಿಲ್ಲ. ನೆನಪಿತ್ತು, ಅದಕ್ಕೇ ಡಾಕ್ಟರ ಹತ್ರ ಹೋಗೋಕೆ ಕಾಲು ಬರಲಿಲ್ಲ."

ವಾಣಿ ಸಮಾಧಾನ ಹೇಳಬಹುದಿತ್ತು. ಆದರೆ ಐದು ತಿಂಗಳಿಂದ ಅವಳನ್ನು ಕೊರೆಯುತ್ತಿದ್ದುದೇ ಬೇರೆ.

"ಅವತ್ತು ನೀವು ಬೇಡ ಅಂದಾಗ ನಂಗೆ ಹಗುರ ಆಯ್ತು ಅತ್ತಿಗೆ. ಪರೀಕ್ಷೆಲಿ ಇದೆ ಅಂತ ಬಂದಿದ್ರೆ, ನಮ್ಮನೆಯಿಂದ್ಲೇ ಅವಳಿಗೆ ಹೋಯ್ತಲ್ಲ ಅಂತ ಅವಳ ಮುಖ ನೋಡೋ ಧೈರ್ಯ ನಂಗಿರ್ಲಿಲ್ಲ. ಇನ್ನೊಂದ್ಸಲ ಬಂದು ಒತ್ತಾಯ ಮಾಡಬಹುದಿತ್ತು. ಮಾಡ್ಲಿಲ್ಲ."

ಸೀತಾಲಕ್ಷ್ಮಿ ತಲೆಯೆತ್ತಿ ನಾದಿನಿಯನ್ನು ನೋಡಿದಳು. ಸ್ವಲ್ಪ ದೂರ ಸರಿದು ಕೂತಳು, ಅಷ್ಟೇ.

ಮಧ್ಯಾಹ್ನ ನರ್ಸ್ ಒಳಗೆ ಕರೆದಳು. ಶರಣ್ಯಾ ಅರೆಗಣ್ಣು ತೆರೆದಿದ್ದಳು. "ಅಮ್ಮಾ, ಕಾಲು ತುರಿಸ್ತಿದೆ," ಎಂದಳು. ಸೀತಾಲಕ್ಷ್ಮಿಯ ಕೈ ಅಭ್ಯಾಸಬಲದಿಂದ ಹೊದಿಕೆಯ ಕೆಳಗಿನ ಖಾಲಿ ಜಾಗದತ್ತ ಹೋಗಿ, ಅಲ್ಲೇ ನಿಂತಿತು.