ಹಂದಿ ಎದುರಿಗೆ ನಿಲ್ಲೋ ಬಂದೂಕು

ಮದಕರಿಪುರದ ಮುರುಗಪ್ಪನ ಮನೆಯಲ್ಲಿ ಬಂದೂಕಿಗೆ ಸಿಗುವ ಮರ್ಯಾದೆ ಸೊಸೆಯಂದಿರಿಗೆ ಸಿಕ್ಕಿದ್ದರೆ ಅವರು ಎಂದೋ ಉದ್ಧಾರ ಆಗುತ್ತಿದ್ದರು. ತಾತ ಚಿರತೆ ಹೊಡೆದ ಒಂಟಿ ನಳಿಗೆಯ ಬಂದೂಕು ಅದು. ಪ್ರತಿ ಆಯುಧಪೂಜೆಗೆ ಅದಕ್ಕೆ ನೀರು ಹಾಕಿ, ಅರಿಶಿನ ಬಳಿದು, ನಳಿಗೆಯ ಬಾಯಿಗೇ ಕುಂಕುಮ ಇಡುತ್ತಿದ್ದರು. ಒರೆಸಿ ಎಣ್ಣೆ ಹಾಕೋಣ ಅಂದವರಿಗೆ ‘ದೇವರನ್ನ ಉಜ್ಜಾಕೆ ಹೊಂಟೀಯೇನಲೇ’ ಎಂಬ ಬೈಗುಳ. ಹೀಗೆ ಪೂಜೆ ಮಾಡಿ ಮಾಡಿಯೇ, ತುಕ್ಕು ಹಿಡಿಸಿ ಬಂದೂಕನ್ನು ಕೊಂದಿದ್ದರು.

ಹೋದ ಸುಗ್ಗಿಯಲ್ಲಿ ಮೆಕ್ಕೆಜೋಳಕ್ಕೆ ನುಗ್ಗಿದ ಕಾಡುಹಂದಿಗೆ ಮುರುಗಪ್ಪನ ತಮ್ಮ ಚಿಕ್ಕತಿಮ್ಮಪ್ಪ ಗುರಿಯಿಟ್ಟ. ಬಂದೂಕು ಟಕ್ ಅಂದು ಸುಮ್ಮನಾಯಿತು. ಹಂದಿ ಸುಮ್ಮನಾಗಲಿಲ್ಲ, ಕೋರೆಯಿಂದ ಅವನ ತೊಡೆ ಸೀಳಿತು. ಅಂದಿನಿಂದ ಅವನಿಗೆ ಕೋಲೇ ಕಾಲು. ಹೊಲ ಕಾಯುವ ಪಾಳಿ ಹೆಂಡತಿ ಓಬಕ್ಕನದಾಯಿತು. ಬೆಳೆ ಕಾಯುವ ಬಂದೂಕಿನ ಲೈಸೆನ್ಸೂ, ಹಂದಿ ಹೊಡೆಯಲು ಅರಣ್ಯದವರ ಅನುಮತಿಯೂ ಅವಳ ಹೆಸರಿಗೇ ಬಂದವು. ಅವಳು ಬೇರೆ ಬಂದೂಕು ತರುತ್ತೇನೆ ಅಂದಾಗ ಮಾತ್ರ ಮುರುಗಪ್ಪ ಪೂಜೆಯ ಮಣೆ ಮುಂದೆಯೇ ಕೆರಳಿದ.

“ತಾತನ ಬಂದೂಕು ಮೂಲೆಗಿಟ್ಟು ಅಂಗಡಿದು ಹಿಡಿತೀಯಾ? ಮನೆ ಮರ್ಯಾದೆ ಏನಾಗ್ಬೇಕು? ತಪ್ಪು ಬಂದೂಕಿಂದಲ್ಲ, ನಿನ್ನ ಗಂಡನ ಗುರೀದು.”

ಚಿಕ್ಕತಿಮ್ಮಪ್ಪ ತಲೆ ತಗ್ಗಿಸಿದ. ಅಣ್ಣನೆದುರು ಅವನ ನಾಲಿಗೆ ಎಂದೂ ಎದ್ದಿದ್ದಿಲ್ಲ. ಓಬಕ್ಕನಿಗೆ ಮೈಯೆಲ್ಲ ಉರಿಯಿತು. ಹಂದಿಗಿಂತ ಗಂಡನ ಈ ಮೌನದ ಮೇಲೇ ಅವಳಿಗೆ ಹೆಚ್ಚು ಸಿಟ್ಟು. ಒಂದು ತೋಟಾ ತಂದು ಬಾವನ ಅಂಗೈಗೆ ಹಾಕಿದಳು.

“ಹಂಗಾರೆ ಬರ್ರಿ ಬಾವ. ಹೊಲದ ಬದುವಿಗೆ ಒಂದು ಹೊಡೆದು ತೋರಿಸ್ರಿ.”

ಮನೆಮಂದಿಯೆಲ್ಲ ಹಿಂದೆಯೇ ಹೊರಟರು. ಮುರುಗಪ್ಪ ತೋಟಾ ತುಂಬಿ, ಬಂದೂಕನ್ನು ಮೈಯಿಂದ ಆದಷ್ಟು ದೂರ ಚಾಚಿದ. ಬೆರಳು ಟ್ರಿಗರ್ ಮುಟ್ಟುವ ಮೊದಲೇ, ನಳಿಗೆ ಎಲ್ಲಿ ಸಿಡಿದೀತೋ ಎಂಬಂತೆ ಅವನ ಮುಖ ಅತ್ತ ತಿರುಗಿತು, ಕಣ್ಣು ಮುಚ್ಚಿಕೊಂಡವು.

“ಸಾಕು ಬಾವ, ಇಳಸ್ರಿ,” ಅಂದಳು ಓಬಕ್ಕ. “ಮಣ್ಣಿನ ಬದುವಿಗೆ ಹೊಡ್ಯಾಕೇ ನೀವು ಆ ಕಡೆ ತಿರುಗಿದ್ರಿ. ಹಂದಿ ಮೈಮೇಲೆ ಬಂದ್ರೆ ನಾನ್ಯಾವ ಕಡೆ ತಿರುಗ್ಲಿ? ಪೂಜೆ ನೀವು ಮಾಡ್ಕಳ್ರಿ. ನಾನೇನು ಸಾಯ್ತೀನಿ ಅಂತ ಹರಕೆ ಹೊತ್ತಿಲ್ಲ.”

ಮರುದಿನ ಗಂಡಹೆಂಡತಿ ಹೋದ ದುರ್ಗದ ಬಂದೂಕಿನಂಗಡಿಯಲ್ಲಿ, ನವಿಲು ಕೆತ್ತಿದ ಹೊಳೆಯುವ ಬಂದೂಕೊಂದು ಮೊದಲು ಮುಂದೆ ಬಂತು.

“ನವಿಲು ನೋಡಿ ಹಂದಿ ಹೆದರ್ತೈತಾ?” ಎಂದು ಓಬಕ್ಕ ಅದನ್ನು ಸರಿಸಿದಳು. ಅಲಂಕಾರವಿಲ್ಲದ ಜೋಡು ನಳಿಗೆಯದನ್ನು ಎತ್ತಿಕೊಂಡು, ನಳಿಗೆ ಬಗ್ಗಿಸಿ ತೆರೆದು, ಬಾಗಿಲ ಬೆಳಕಿಗೆ ಹಿಡಿದು ಒಳಗೆ ಇಣುಕಿದಳು. ಹೊಲದಲ್ಲಿ ಇಬ್ಬನಿಗೆ ಕೈ ನೆನೆಯುತ್ತದಲ್ಲ, ಅದಕ್ಕೆ ಕೈ ಒದ್ದೆ ಮಾಡಿಕೊಂಡು ಮತ್ತೆ ಮತ್ತೆ ತೆಗೆದು ಮುಚ್ಚಿದಳು. ಎಲ್ಲೂ ಜಾರಲಿಲ್ಲ, ಎಲ್ಲೂ ಹಿಡಿಯಲಿಲ್ಲ.

“ಇದೇ ಇರ್ಲಿ. ಒಂದು ನಳಿಗೆ ಕೈಕೊಟ್ರೂ ಇನ್ನೊಂದೈತೆ.”

ಅಂಗಡಿಯವನು ಅದನ್ನು ಅವಳಿಂದ ತೆಗೆದುಕೊಂಡು ಚಿಕ್ಕತಿಮ್ಮಪ್ಪನ ಕಡೆ ಚಾಚಿದ. “ಯಜಮಾನ್ರೆ, ನೀವು ಭುಜಕ್ಕಿಟ್ಟು ನೋಡ್ರಿ. ಇದರ ಒದೆತ ಹೆಣ್ಮಕ್ಕಳಿಗೇನು ಗೊತ್ತಾಗ್ತೈತೆ?”

ಚಿಕ್ಕತಿಮ್ಮಪ್ಪ ಬಂದೂಕು ಮುಟ್ಟಲಿಲ್ಲ. ಕೋಲೂರಿ ನೆಟ್ಟಗೆ ನಿಂತ.

“ಹಂದಿ ಎದುರಿಗೆ ನಿಲ್ಲೋಳು ಅವಳು. ಅಲ್ಲಿ ನಿಂತ್ರೆ ಏನಾಗ್ತೈತೆ ಅಂತ ನನಗೆ ಗೊತ್ತೈತೆ. ಅವಳ ಕೈಗೆ ಕೊಡಪ್ಪ. ನಮ್ಮಣ್ಣ ಬಂದು ಕೇಳಿದ್ರೆ, ಅವನ ತಮ್ಮನೇ ಕೊಡಿಸಿದ ಅಂತ ಹೇಳು.”

ಓಬಕ್ಕ ಬಂದೂಕು ಇಸಿದುಕೊಂಡು ಭುಜಕ್ಕೆ ಆನಿಸಿದಳು.